ಅಪ್ಪನ ದಿವಾನ್ ಹಿಂದಿನ ಗುಂಯ್‌ಗಾಟ: 12×10 ಕೋಣೆಗೆ ಬೇಸ್ ಟ್ರ್ಯಾಪ್ ಕಟ್ಟಿದ ದಿನಚರಿ

ದಾವಣಗೆರೆಯ ವಿದ್ಯಾನಗರದ ಕಡೆ ನಮ್ಮ ಮನೆ. ಮಹಡಿಯ ಮೇಲಿನ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಇಟ್ಟಿಗೆ ಗೋಡೆ, ಎರಡೂ ಮಗ್ಗುಲಿಗೆ ಸಿಮೆಂಟ್ ಗಿಲಾವು, ಮೇಲೆ ಆರ್‌ಸಿಸಿ, ಕೆಳಗೆ ವಿಟ್ರಿಫೈಡ್ ಟೈಲ್ಸ್. ಒಂದು ಕಡೆಯ ಗೋಡೆಗೆ ಎರಡು ಸ್ಪೀಕರು, ಎದುರು ಗೋಡೆಗೆ ಒತ್ತಿಕೊಂಡು ಅಪ್ಪನ ದಿವಾನ್. ಸ್ಪೀಕರ್ ದೊಡ್ಡದೇನಲ್ಲ, ಆರೂವರೆ ಇಂಚಿನ ವೂಫರ್ (ತಗ್ಗಿನ ಸದ್ದು ಹೊರಡಿಸುವ ಭಾಗ) ಇರುವ ಬುಕ್‌ಶೆಲ್ಫ್ ಜೋಡಿ.

ಅಪ್ಪನಿಗೀಗ 74. ಇಲ್ಲಿನ ಹತ್ತಿ ಮಿಲ್ಲಿನ ಮಗ್ಗದ ಖಾತೆಯಲ್ಲಿ 31 ವರ್ಷ ದುಡಿದವರು. ಆ ಕಾಲಕ್ಕೆ ಕಿವಿಗೆ ಹತ್ತಿ ಇಟ್ಟುಕೊಂಡರೆ ಅದೇ ದೊಡ್ಡ ರಕ್ಷಣೆ. ಎರಡು ವರ್ಷದ ಹಿಂದೆ ಕಿವಿ ಪರೀಕ್ಷೆ ಮಾಡಿಸಿದಾಗ 4000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ, ಅಂಕಿ ಹೆಚ್ಚಿದಷ್ಟೂ ಸ್ವರ ಚೂಪು) ಹತ್ತಿರ ಗೆರೆ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಮಗ್ಗದ ಸದ್ದಿನಲ್ಲಿ ದುಡಿದವರಿಗೆ ಮೊದಲು ಹೋಗುವುದೇ ಆ ಜಾಗ. ಮಾತಿನ ಸ, ಶ, ತ, ಕ ಅಕ್ಷರಗಳ ಚೂಪು ಇರುವುದೂ ಅಲ್ಲೇ. ತಗ್ಗಿನ ಸದ್ದು ಮಾತ್ರ ಅವರಿಗೆ ನನ್ನಷ್ಟೇ ಚೆನ್ನಾಗಿ ಕೇಳುತ್ತದೆ. ಭಜನೆ ಮೇಳದಲ್ಲಿ ತಬಲ ನುಡಿಸಿದ ಕೈ ಬೇರೆ.

ದಿನಾ ಸಂಜೆ ವಚನ ಗಾಯನವನ್ನೋ ಹಿಂದೂಸ್ತಾನಿಯನ್ನೋ ಹಾಕುತ್ತಾರೆ. ಮಾತು ತಿಳಿಯದೆ ವಾಲ್ಯೂಮ್ ಏರಿಸುತ್ತಾರೆ, ಏರಿಸಿದಷ್ಟೂ ಡಗ್ಗದ (ತಬಲ ಜೋಡಿಯ ಎಡಗೈ ವಾದ್ಯ) ಗುಂಯ್ ಎನ್ನುವ ಸದ್ದು ಕೋಣೆ ತುಂಬಿ ಇದ್ದ ಮಾತೂ ಮುಚ್ಚಿಹೋಗುತ್ತದೆ. "ಡಗ್ಗ ಮಾತಾಡ್ತಿಲ್ಲಪ್ಪ, ಒಂದೇ ಸಮ ಗುಂಯ್‌ಗುಡ್ತೈತೆ. ಹಾಡೋರು ಬಾಯಿ ಮುಚ್ಕೊಂಡು ಹಾಡಿದಂಗೈತೆ" ಅಂತ ಅವರು ಹೇಳಿದ್ದೇ ಬೇಸ್ ಟ್ರ್ಯಾಪ್, ಅಂದರೆ ತಗ್ಗಿನ ಸದ್ದನ್ನು ಹೀರುವ ದಪ್ಪನೆಯ ಚೌಕಟ್ಟು, ಕಟ್ಟುವ ಈ ಕೆಲಸಕ್ಕೆ ಕಾರಣ. ನನ್ನ ಗುರಿ ಒಂದೇ: ಅವರು ಕೂರುವ ಜಾಗದಲ್ಲಿ, ಅವರ ಕಿವಿಯ ಎತ್ತರದಲ್ಲಿ, ಆ ಗುಂಯ್‌ಗಾಟ ಇಳಿಯಬೇಕು. ಕೋಣೆಯ ನಡುವೆ ನನಗೆ ಹೇಗೆ ಕೇಳುತ್ತದೆ ಅನ್ನುವುದು ಎರಡನೆಯ ಮಾತು.

ನವೆಂಬರ್ 2024. ಅಳೆಯದೆ ಮಾಡಿದ ಖರ್ಚು

ಮೊದಲ ತಪ್ಪು ಇದು, ದೊಡ್ಡದೂ ಇದೇ. ಸ್ಟುಡಿಯೋಗಳ ಚಿತ್ರ ನೋಡಿ ಎರಡು ಇಂಚಿನ ಪಿರಮಿಡ್ ಫೋಮ್ ತರಿಸಿದೆ. ಒಂದು ಅಡಿ ಚೌಕದ್ದು 48 ತುಂಡು, ತುಂಡಿಗೆ 75 ರೂಪಾಯಿ, ಒಟ್ಟು 3,600. ಅಂಟು ಹಚ್ಚಿ ಎರಡು ಗೋಡೆಗೆ ಬಡಿದೆ. ಚಪ್ಪಾಳೆ ಹೊಡೆದರೆ ಮೊದಲಿದ್ದ ಟಣ್ ಅನ್ನುವ ಮರುದನಿ ಇಲ್ಲ. ಗೆದ್ದೆ ಅಂದುಕೊಂಡೆ.

ಅಪ್ಪ ಬಂದು ಕೂತು ಹತ್ತು ನಿಮಿಷ ಕೇಳಿ, "ಇನ್ನೂ ಮಬ್ಬಾತಲ್ಲೋ" ಅಂದರು. ನಾನು ನಂಬಲಿಲ್ಲ. ಹೊಸದಕ್ಕೆ ಕಿವಿ ಒಗ್ಗಬೇಕು ಅಂತ ಒಂದು ತಿಂಗಳು ಹಾಗೇ ಬಿಟ್ಟೆ. ಆ ಒಂದು ತಿಂಗಳಿನ ಬಗ್ಗೆ ಈಗಲೂ ಬೇಸರವಿದೆ.

ಡಿಸೆಂಬರ್ 8, ಭಾನುವಾರ. ಮೊದಲ ಅಳತೆ

ಬೆಂಗಳೂರಿನ ಗೆಳೆಯನಿಂದ ಯುಮಿಕ್-1 ಮೈಕು ಎರವಲು ಬಂತು (ಕೊರಿಯರ್ 180 ರೂ.). ಯುಎಸ್‌ಬಿ ಮೈಕು, ಪ್ರತಿ ಮೈಕಿಗೂ ಅದರದೇ ತಿದ್ದುಪಡಿ ಫೈಲು ಇರುತ್ತದೆ. ಕಂಪ್ಯೂಟರಿಗೆ ರೂಮ್ ಈಕ್ಯೂ ವಿಝಾರ್ಡ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ, ಉಚಿತ. ಕೆಳಸ್ವರದಿಂದ ಮೇಲಕ್ಕೆ ಏರುವ ಒಂದು ಸದ್ದನ್ನು ಸ್ಪೀಕರಿನಿಂದ ಕಳಿಸಿ, ಮೈಕಿಗೆ ಏನು ಸಿಕ್ಕಿತು ಅಂತ ಗೆರೆ ಎಳೆದು ತೋರಿಸುತ್ತದೆ.

ಅಪ್ಪನ ಕಿವಿ ಇರುವುದು ನೆಲದಿಂದ 110 ಸೆಂ.ಮೀ. ಮೇಲೆ, ಹಿಂಗೋಡೆಯಿಂದ 20 ಸೆಂ.ಮೀ. ಮುಂದೆ. ಮೈಕನ್ನು ಅಲ್ಲೇ ಇಟ್ಟೆ.

ಮೊದಲ ಐದು ಅಳತೆ ಕಸದಬುಟ್ಟಿಗೆ. ಫ್ಯಾನ್ ತಿರುಗುತ್ತಿತ್ತು, 40 ಹರ್ಟ್ಸ್ ಕೆಳಗೆ ಬರೀ ಅದರ ಗಾಳಿ. ಫ್ಯಾನ್ ನಿಲ್ಲಿಸಿದೆ, ಕರೆಂಟ್ ಹೋಯಿತು. ಇನ್ವರ್ಟರ್ ಮೇಲೆ ಅಳೆದರೆ 50, 100, 150 ಹರ್ಟ್ಸ್‌ನಲ್ಲಿ ಗೂಟ ನೆಟ್ಟಂತೆ ಮೂರು ಗೆರೆ, ನನ್ನ ಇನ್ವರ್ಟರಿನ ಗುನುಗು. ಕರೆಂಟ್ ಬಂದ ಮೇಲೆ ಅಳೆದೆ, ಆದರೆ ನಡುವೆ ವಾಲ್ಯೂಮ್ ಗುಂಡಿ ಮುಟ್ಟಿದ್ದೆ. ಮತ್ತೆ ಶುರು. ಆಮೇಲೆ ಮಾಡಿಕೊಂಡ ಕಟ್ಟುಪಾಡು: ಫ್ಯಾನ್ ಬಂದ್, ಕಿಟಕಿ ಬಾಗಿಲು ಬಂದ್, ಗುಂಡಿಯ ಮೇಲೆ ಟೇಪು, ಮೈಕಿನ ಸ್ಟ್ಯಾಂಡಿನ ಮೂರು ಕಾಲಿಗೂ ಟೈಲ್ಸ್ ಮೇಲೆ ಉಗುರುಬಣ್ಣದ ಗುರುತು. ಸ್ಟ್ಯಾಂಡ್ ಒಂದು ಗೇಣು ಸರಿದರೂ ಅಳತೆ ಬದಲಾಗುತ್ತದೆ, ಆಗ ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಕೆಯೇ ಇಲ್ಲ.

ಸರಾಸರಿ ಮಟ್ಟಕ್ಕಿಂತ ಎಷ್ಟು ಡೆಸಿಬಲ್ (ಸದ್ದಿನ ಜೋರಿನ ಅಳತೆ) ಮೇಲೆ ಅನ್ನುವ ಲೆಕ್ಕದಲ್ಲಿ ಸಿಕ್ಕ ಗುಡ್ಡಗಳು, ಅಂದರೆ ಕೋಣೆ ಉಬ್ಬಿಸುವ ಸ್ವರಗಳು:

48 ಹರ್ಟ್ಸ್: 13 ಡೆಸಿಬಲ್
57 ಹರ್ಟ್ಸ್: 6 ಡೆಸಿಬಲ್
95 ಹರ್ಟ್ಸ್: 8 ಡೆಸಿಬಲ್

48 ಹರ್ಟ್ಸ್ ಸದ್ದು ನಿಂತ ಮೇಲೆ 20 ಡೆಸಿಬಲ್ ಇಳಿಯಲು 310 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ತೀನ್‌ತಾಲದ (ಹದಿನಾರು ಮಾತ್ರೆಯ ತಾಳ) ಬಿರುಸು ಲಯದಲ್ಲಿ ಅಷ್ಟು ಹೊತ್ತಿಗೆ ಮುಂದಿನ ಬೋಲ್ (ತಬಲದ ಪೆಟ್ಟು) ಬಂದು ಹಿಂದಿನದರ ಮೇಲೆ ಕೂತಿರುತ್ತದೆ.

ಎದುರುಬದುರು ಗೋಡೆಗಳ ನಡುವೆ ಸದ್ದಿನ ಅಲೆ ಹೋಗಿಬಂದು ಕೆಲವು ಸ್ವರಗಳು ಉಬ್ಬುತ್ತವೆ, ಈ ಅಂಕಿಗಳು ಎಲ್ಲಿಂದ ಬಂದವು ಅಂತ ಅಳತೆ ಟೇಪಿನಿಂದಲೇ ಲೆಕ್ಕ ಹಾಕಬಹುದು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಬೇಕು. 12 ಅಡಿ ಅಂದರೆ 3.66 ಮೀಟರ್, ಬಂದದ್ದು 47. ಅದರ ದುಪ್ಪಟ್ಟು 95ರ ಹತ್ತಿರ. 10 ಅಡಿ ಎತ್ತರಕ್ಕೆ 57. ಅಗಲವೂ 10 ಅಡಿಯೇ, ಆದರೆ ಎಡಬಲ ಸ್ಪೀಕರಿನ ನಡುವೆ ಕೂತವರಿಗೆ ಅಗಲದ ಮೊದಲ ಅಲೆ ಹೆಚ್ಚು ಕೇಳಿಸುವುದಿಲ್ಲ. ಗೋಡೆಗೆ ಒತ್ತಿಕೊಂಡು ಕೂತವರಿಗೆ ಮಾತ್ರ ಉದ್ದದ ಅಲೆಯ ಪೂರ್ತಿ ಒತ್ತಡ ಬಡಿಯುತ್ತದೆ. ಅಪ್ಪ ಕೂತಿದ್ದದ್ದು ಸರಿಯಾಗಿ ಅಲ್ಲೇ.

ಡಿಸೆಂಬರ್ 15. ಫೋಮ್ ಕಿತ್ತದ್ದು

ಫೋಮ್ ಪೂರ್ತಿ ತೆಗೆದು ಮತ್ತೆ ಅಳೆದೆ. 200 ಹರ್ಟ್ಸ್ ಕೆಳಗೆ ಎರಡು ಗೆರೆಗಳೂ ಒಂದರ ಮೇಲೊಂದು ಕೂತವು, ಅರ್ಧ ಡೆಸಿಬಲ್ ವ್ಯತ್ಯಾಸವೂ ಇಲ್ಲ. ಮೇಲಿನ ಸ್ವರಗಳಲ್ಲಿ ಮಾತ್ರ ಮರುದನಿಯ ಕಾಲ ಫೋಮ್ ಇದ್ದಾಗ 0.4 ಸೆಕೆಂಡ್, ಇಲ್ಲದಾಗ 0.6.

ಅಂದರೆ ನಾನು 3,600 ರೂಪಾಯಿ ಕೊಟ್ಟು, ಅಪ್ಪನ ಕಿವಿ ಆಗಲೇ ಕಳೆದುಕೊಂಡಿದ್ದ ಚೂಪಿನ ಭಾಗವನ್ನೇ ಕೋಣೆಯಿಂದಲೂ ಹೀರಿಸಿದ್ದೆ. ಅವರಿಗೆ ತೊಂದರೆ ಕೊಡುತ್ತಿದ್ದ ಗುಂಯ್‌ಗಾಟ ಇದ್ದಲ್ಲೇ ಇತ್ತು. ಅವರು "ಇನ್ನೂ ಮಬ್ಬಾತು" ಅಂದದ್ದು ಅಕ್ಷರಶಃ ನಿಜ. ವಯಸ್ಸಾದವರು ಕೇಳುವ ಕೋಣೆಗೆ ತೆಳು ಫೋಮ್ ಬಡಿಯುವ ಮುಂಚೆ ಈ ಮಾತು ನೆನಪಿಡಿ.

ಅಂಟು ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬಂತು. ಅಲ್ಲಲ್ಲಿ ಪುಟ್ಟಿ ಹಚ್ಚಿ ಬಣ್ಣ ಬಳಿಯುವುದಕ್ಕೆ ಒಂದು ಭಾನುವಾರದ ಮಧ್ಯಾಹ್ನ ಹೋಯಿತು.

ಡಿಸೆಂಬರ್ 22. ಹಾಸಿಗೆ ಪ್ರಯೋಗ

ಈ ಸಲ ದುಡ್ಡು ಹಾಕುವ ಮುಂಚೆ ಇದ್ದದ್ದರಲ್ಲೇ ಪರೀಕ್ಷೆ ಮಾಡಿದೆ. ಹತ್ತಿಯ ಊರಿನಲ್ಲಿ ಹಳೇ ಹತ್ತಿ ಹಾಸಿಗೆಗೆ ಬರವಿಲ್ಲ. ಮನೆಯ ಎರಡು, ಅಕ್ಕನ ಮನೆಯದೊಂದು. ಸುರುಳಿ ಸುತ್ತಿ ಹಗ್ಗ ಕಟ್ಟಿ ಮೂರು ಮೂಲೆಗೆ ನಿಲ್ಲಿಸಿದೆ. ನಾಲ್ಕನೇ ಮೂಲೆ, ಅಂದರೆ ಹಿಂದಿನ ಬಲಮೂಲೆ, ಸಿಗುವುದಿಲ್ಲ, 15 ಸೆಂ.ಮೀ. ಬಿಟ್ಟರೆ ಬಾಗಿಲು.

ಫಲ: 95ರಲ್ಲಿ 3 ಡೆಸಿಬಲ್ ಇಳಿಯಿತು, 48ರಲ್ಲಿ ಬರೀ 1. ಸಣ್ಣದು, ಆದರೆ ಫೋಮ್ ಮಾಡದ ಕೆಲಸ. ಮೂಲೆಯಲ್ಲಿ ದಪ್ಪ ಇಟ್ಟರೆ ಕೆಲಸ ಆಗುತ್ತದೆ ಅನ್ನುವುದು ಖಾತ್ರಿಯಾಯಿತು. 1895ರಲ್ಲಿ ಹಾರ್ವರ್ಡ್‌ನ ವ್ಯಾಲೇಸ್ ಸಬೈನ್ ಒಂದು ಉಪನ್ಯಾಸ ಕೋಣೆಯ ಮರುದನಿ ಸರಿಪಡಿಸಲು ಪಕ್ಕದ ಸಭಾಂಗಣದ ಸೀಟಿನ ದಿಂಬುಗಳನ್ನು ಹೊತ್ತು ತಂದು ಲೆಕ್ಕ ಹಾಕಿದ್ದನಂತೆ ಅಂತ ಓದಿದ್ದೆ. ಹಾಸಿಗೆ ಹೊತ್ತುಕೊಂಡು ಮೆಟ್ಟಿಲು ಹತ್ತುವಾಗ ಅದು ನೆನಪಾಯಿತು. ನೀವೂ ಮೊದಲು ಇದನ್ನೇ ಮಾಡಿ. ಹಾಸಿಗೆಯಿಂದ ಒಂದಿಷ್ಟೂ ಬದಲಾಗದಿದ್ದರೆ ಮುಂದಿನ ಖರ್ಚಿಗೆ ಕೈ ಹಾಕಬೇಡಿ.

ಡಿಸೆಂಬರ್ 29. ದಿವಾನ್ ಸರಿಸಿದ್ದು

ಲೆಕ್ಕದ ಪ್ರಕಾರ ಕೂರುವ ಜಾಗ ಹಿಂಗೋಡೆಯಿಂದ 1.4 ಮೀಟರ್ ಮುಂದೆ ಇದ್ದರೆ ಒಳ್ಳೆಯದು. ಅಪ್ಪ ಒಪ್ಪಲಿಲ್ಲ. "ಕೋಣೆ ನಡುವೆ ಬಸ್ ಸ್ಟ್ಯಾಂಡಿನಾಗೆ ಕುಂತಂಗೆ ಕುಂದ್ರಲಾ?" ಅಂದರು. ಬೆನ್ನಿಗೆ ಆಸರೆ ಬೇಕು, ಅವರ ಮಾತು ಸರಿ. ಕೊನೆಗೆ 45 ಸೆಂ.ಮೀ.ಗೆ ರಾಜಿಯಾಯಿತು, ದಿವಾನಿಗೆ ಮರದ ಒರಗು ಮಾಡಿಸಿಕೊಡುವ ಷರತ್ತಿನ ಮೇಲೆ.

ಹಾಸಿಗೆಗಳನ್ನು ಹೊರಗಿಟ್ಟು ಅಳೆದೆ. 95ರ ಗುಡ್ಡ 8ರಿಂದ 3ಕ್ಕೆ ಇಳಿಯಿತು! ಪೈಸೆ ಖರ್ಚಿಲ್ಲ. 48 ಮಾತ್ರ 13ರಿಂದ 12. ಅದರ ಅಲೆಯ ಉದ್ದ ಏಳು ಮೀಟರಿಗೂ ಹೆಚ್ಚು, 45 ಸೆಂ.ಮೀ. ಅದಕ್ಕೆ ಲೆಕ್ಕಕ್ಕೇ ಇಲ್ಲ. ಇನ್ನೊಂದು ಲಾಭ, ದಿವಾನ್ ಹಿಂದೆ ಖಾಲಿ ಜಾಗ ಹುಟ್ಟಿತು. ಅದು ಮುಂದೆ ಕೆಲಸಕ್ಕೆ ಬಂತು.

ಜನವರಿ 5ರಿಂದ 12. ರಾಕ್‌ವುಲ್ ಹುಡುಕಾಟ

ಅಕ್ಕಿ ಗಿರಣಿಯ ಬಾಯ್ಲರ್ ಪೈಪಿಗೆ ಶಾಖ ಹೋಗದಂತೆ ಸುತ್ತುತ್ತಾರಲ್ಲ, ಅದೇ ರಾಕ್‌ವುಲ್. ಗಿರಣಿ ಕೆಲಸ ಮಾಡುವ ಪರಿಚಯದವರ ಹತ್ತಿರ ಉಳಿಕೆ ಮಾಲು ಇತ್ತು, ಪುಕ್ಕಟೆ ಕೊಡುತ್ತೇನೆ ಅಂದರು. ನೋಡಿದರೆ ತಂತಿ ಬಲೆ ಹೊಲಿದ, ಬಿಗಿಯಾಗಿ ಒತ್ತಿದ ಹಾಸು. ಎತ್ತಲು ಭಾರ, ಕತ್ತರಿಸಲು ಕಟ್ಟರ್ ಬೇಕು. ದಪ್ಪನೆಯ ಟ್ರ್ಯಾಪಿಗೆ ಅಷ್ಟು ಬಿಗಿ ಬೇಡ, ಸದ್ದು ಒಳಗೆ ಹೋಗಬೇಕು. ಬೇಡ ಅಂದೆ.

ನನಗೆ ಬೇಕಾಗಿದ್ದು ಘನ ಮೀಟರಿಗೆ 48 ಕೆಜಿ ಸಾಂದ್ರತೆಯ, 120×60 ಸೆಂ.ಮೀ. ಅಳತೆಯ, 5 ಸೆಂ.ಮೀ. ದಪ್ಪದ ಹಲಗೆ. ಬೆಂಗಳೂರಿನಿಂದ ಲಾರಿ ಪಾರ್ಸಲ್‌ನಲ್ಲಿ ತರಿಸಿದೆ. 24 ಹಲಗೆ, ಒಂದಕ್ಕೆ 310, ಜಿಎಸ್‌ಟಿ ಸೇರಿ 8,779. ಲಾರಿ ಬಾಡಿಗೆ 650. ಎಲ್ಲ ಸೇರಿ ಸುಮಾರು 41 ಕೆಜಿ. ಪಾರ್ಸಲ್ ಆಫೀಸಿನಿಂದ ಮನೆಗೆ ನಮ್ಮ ಸ್ಕೂಟರಿನಲ್ಲೇ ನಾಲ್ಕು ಸಲ ಓಡಾಡಿ ತಂದೆವು.

ಕೈಗೆ ತಾಗಿದರೆ ಕೆರೆತ ತಪ್ಪಿದ್ದಲ್ಲ. ತುಂಬುತೋಳಿನ ಅಂಗಿ, ಕೈಗವಸು, ಮಾಸ್ಕ್, ಕನ್ನಡಕ ಹಾಕಿಕೊಂಡು ಮಹಡಿಯ ತೆರೆದ ಜಾಗದಲ್ಲೇ ಕತ್ತರಿಸಿ. ಬಳಿಕ ತಣ್ಣೀರಿನಲ್ಲಿ ಕೈ ತೊಳೆಯಿರಿ. ಹಲ್ಲಿರುವ ಬ್ರೆಡ್ ಚಾಕು ಎಲ್ಲಕ್ಕಿಂತ ಚೆನ್ನಾಗಿ ಕತ್ತರಿಸುತ್ತದೆ. ಆ ಚಾಕು ಮತ್ತೆ ಅಡುಗೆಮನೆಗೆ ಹೋಗಬಾರದು, ಅದಕ್ಕೆ ಹಿಡಿಗೆ ಕೆಂಪು ಟೇಪು ಸುತ್ತಿಟ್ಟೆ.

ಜನವರಿ 19. ಚೌಕಟ್ಟು

ಆಚಾರ್ರು ಮೂರು ದಿನ ಬಂದರು, ದಿನಕ್ಕೆ 1,100. ಮರ ಪೈನ್, ನಾಲ್ಕು ಇಂಚು ಅಗಲ ಒಂದು ಇಂಚು ದಪ್ಪದ ರೀಪು, 150 ಅಡಿ, ಅಡಿಗೆ 26. ಯೋಜನೆ ಹೀಗೆ: ಒಂದು ಚೌಕಟ್ಟಿನಲ್ಲಿ ಎರಡು ಹಲಗೆ, ಒಟ್ಟು 10 ಸೆಂ.ಮೀ. ದಪ್ಪ. ಮೂರು ಮೂಲೆಗೆ ಒಂದರ ಮೇಲೊಂದರಂತೆ ಎರಡೆರಡು. ದಿವಾನ್ ಹಿಂದಿನ ಗೋಡೆಗೆ ಮೂರು ಜಾಗ, ಪ್ರತಿ ಜಾಗಕ್ಕೆ ಎರಡು ಚೌಕಟ್ಟು ಸೇರಿಸಿ 20 ಸೆಂ.ಮೀ. ದಪ್ಪ.

ತಪ್ಪು ನನ್ನದು. ಆಚಾರ್ರಿಗೆ "120 ಬೈ 60" ಅಂತಷ್ಟೇ ಹೇಳಿದ್ದೆ. ಅವರು ಹೊರ ಅಳತೆ ಅಂತ ತಿಳಿದು ಎರಡು ಚೌಕಟ್ಟು ಜೋಡಿಸಿಬಿಟ್ಟರು. ಎರಡು ಕಡೆಯ ಮರ ಕಳೆದರೆ ಒಳಗೆ ಉಳಿದದ್ದು 115×55. ಹಲಗೆಯನ್ನು ಒತ್ತಿ ತುರುಕಲು ಹೋಗಿ ಎರಡು ಹಲಗೆಯ ಅಂಚು ಹಿಸುಕಿ ಉಬ್ಬಿದವು. ಬಿಚ್ಚಿ ಮತ್ತೆ ಮಾಡಿದ್ದು ಒಳಗಳತೆ 119.5×59.5, ಹಲಗೆ ತಾನಾಗಿ ಬಿಗಿಯಾಗಿ ನಿಲ್ಲಲಿ ಅಂತ ಅರ್ಧರ್ಧ ಸೆಂ.ಮೀ. ಕಡಿಮೆ. ಹೊರಗಳತೆ 124.5×64.5 ಆಯಿತು. ಗುಣಿಯಾ ಹಿಡಿದು ಪ್ರತಿ ಮೂಲೆ ನೋಡಿ, ಫೆವಿಕಾಲ್ ಮತ್ತು ಎರಡೆರಡು ಸ್ಕ್ರೂ.

ಇಲ್ಲೇ ಇನ್ನೊಂದು ತಪ್ಪೂ ನಡೆಯಿತು, ಆಗ ಗೊತ್ತಾಗಲಿಲ್ಲ. "ಹಿಂದೆ ಏನೂ ಇಲ್ದಿದ್ರೆ ಬಳುಕುತ್ತೆ ಸಾರ್, ಪ್ಲೈ ಹೊಡಿಯಾಣ" ಅಂದರು ಆಚಾರ್ರು. ಗಟ್ಟಿಮುಟ್ಟಾಗಿ ಇರಲಿ ಅಂತ ನಾನೂ ಹೂಂ ಅಂದೆ. 6 ಮಿ.ಮೀ. ಪ್ಲೈ ಎರಡು ಶೀಟು, 2,300 ರೂಪಾಯಿ.

ಜನವರಿ 26. ನಿಲ್ಲಿಸಿದೆ, ಏನೂ ಆಗಲಿಲ್ಲ

ಬಟ್ಟೆ ಕೋರಾ, 30 ಮೀಟರ್, ಮೀಟರಿಗೆ 60. ಅಂಗಡಿಯಲ್ಲೇ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿದೆ, ಉಸಿರು ಸಲೀಸಾಗಿ ಆಚೆ ಹೋಗಬೇಕು. ಸೋಫಾಕ್ಕೆ ಹಾಕುವ ದಪ್ಪ ಬಟ್ಟೆ, ರೆಕ್ಸಿನ್ ಆಗುವುದಿಲ್ಲ. ಬಟ್ಟೆಯ ಕೆಳಗೆ ತೆಳ್ಳನೆಯ ಪಾಲಿಥೀನ್ ಹಾಳೆ ಒಂದು ಸುತ್ತು. ಅದರಿಂದ ಎರಡು ಪ್ರಯೋಜನ: ನಾರು ಹೊರಗೆ ಬರುವುದಿಲ್ಲ, ಮೇಲಿನ ಸ್ವರಗಳನ್ನು ಕೋಣೆಗೆ ತಿರುಗಿಸಿ ಕಳಿಸುತ್ತದೆ. ತಗ್ಗಿನ ಸದ್ದು ಆ ಹಾಳೆಯನ್ನು ದಾಟಿಕೊಂಡು ಒಳಗೆ ಹೋಗುತ್ತದೆ. ಫೋಮ್‌ನಿಂದ ಕಲಿತದ್ದನ್ನು ಇಲ್ಲಿ ಬಳಸಿದೆ. ಸ್ಟೇಪಲ್ ಗನ್ನಿನಿಂದ ನಡುವಿನಿಂದ ಮೂಲೆಗೆ ಹೊಡೆಯುತ್ತಾ ಹೋದರೆ ಸುಕ್ಕು ಬೀಳುವುದಿಲ್ಲ.

ಆರು ಚೌಕಟ್ಟು ಮೂರು ಮೂಲೆಗೆ ಅಡ್ಡಲಾಗಿ ನಿಂತವು. ಎರಡೂ ಗೋಡೆಯ ಮೇಲೆ 46 ಸೆಂ.ಮೀ. ಹಿಡಿದು, ಹಿಂದೆ ತ್ರಿಕೋನದ ಖಾಲಿ ಜಾಗ. ನಡುವಿನಲ್ಲಿ ಆ ಆಳ 32 ಸೆಂ.ಮೀ. ಮೇಲಿನ ಚೌಕಟ್ಟಿಗೆ ಎಲ್ ಪಟ್ಟಿ ಹಾಕಿ ಗೋಡೆಗೆ ಬಿಗಿದೆ, ಬೀಳಬಾರದು.

ಅಳೆದೆ. 48ರಲ್ಲಿ ಇಳಿಕೆ ಸೊನ್ನೆ. 57ರಲ್ಲಿ ಒಂದು, 95ರಲ್ಲಿ ಒಂದು. ಮೂರು ಸಲ ಅಳೆದೆ, ಅಷ್ಟೇ. ಸುರುಳಿ ಸುತ್ತಿದ ಹಳೇ ಹಾಸಿಗೆಯೇ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ಫೆಬ್ರವರಿ 2. ಪ್ಲೈ ಕಿತ್ತದ್ದು

ವಾರವೆಲ್ಲ ತಲೆ ಕೆಡಿಸಿಕೊಂಡು ಕೂತಾಗ ಹೊಳೆದದ್ದು ಪ್ಲೈ. ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿಯ ಕಣ ಅಲ್ಲಾಡುವುದಿಲ್ಲ, ಅಲ್ಲಿ ಬರೀ ಒತ್ತಡ. ರಾಕ್‌ವುಲ್ ಕೆಲಸ ಮಾಡುವುದು ಗಾಳಿ ಅದರ ನಾರಿನ ನಡುವೆ ಹಿಂದೆ ಮುಂದೆ ಓಡಾಡಿ ತಿಕ್ಕಿದಾಗ. ಅದಕ್ಕೇ ಗೋಡೆಯಿಂದ ದೂರ, ಹಿಂದೆ ಖಾಲಿ ಜಾಗ ಬಿಟ್ಟು ನಿಲ್ಲಿಸುವುದು. ನಾನು ಹಿಂದೆ ಪ್ಲೈ ಹೊಡೆದು ಹೊಸದೊಂದು ಗೋಡೆ ಕಟ್ಟಿಬಿಟ್ಟಿದ್ದೆ. ಹಿಂದಿನ 32 ಸೆಂ.ಮೀ. ಆಳ ಇದ್ದೂ ಇಲ್ಲದಂತಾಗಿತ್ತು.

ಆರೂ ಚೌಕಟ್ಟಿನ ಪ್ಲೈ ಕಿತ್ತು, ಬಳುಕದಂತೆ ನಡುವೆ ಎರಡು ಅಡ್ಡಪಟ್ಟಿ ಕೊಟ್ಟು, ಹಿಂದೆಯೂ ಕೋರಾ ಬಟ್ಟೆ ಹೊಡೆದೆ. ಬೆಳಿಗ್ಗೆ ಎಂಟಕ್ಕೆ ಕೂತವನು ಏಳುವಾಗ ಸಂಜೆ ಐದು.

ಜನವರಿ 26ರ ಮುಂಚಿನದಕ್ಕೆ ಹೋಲಿಸಿದರೆ ಈಗ 48ರಲ್ಲಿ 2, 57ರಲ್ಲಿ 2, 95ರಲ್ಲಿ 2 ಡೆಸಿಬಲ್ ಇಳಿಕೆ. ಅದೇ ಹಲಗೆ, ಅದೇ ಮೂಲೆ, ಅದೇ ಮೈಕು. ಕಿತ್ತ ಪ್ಲೈನಲ್ಲಿ ಅಮ್ಮ ಉಗ್ರಾಣಕ್ಕೆ ಶೆಲ್ಫ್ ಮಾಡಿಸಿದರು.

ಫೆಬ್ರವರಿ 16. ಹಿಂಗೋಡೆ

20 ಸೆಂ.ಮೀ. ದಪ್ಪದ ಮೂರು ಜೋಡಿ ಚೌಕಟ್ಟು, ಗೋಡೆಯಿಂದ 15 ಸೆಂ.ಮೀ. ಬಿಟ್ಟು. ಒಟ್ಟು 35, ದಿವಾನ್ ಬಿಟ್ಟುಕೊಟ್ಟ 45ರಲ್ಲಿ ಸರಿಯಾಗಿ ಕೂತಿತು. ಒಂದು ಜೋಡಿ ಸುಮಾರು 16 ಕೆಜಿ ತೂಗುತ್ತದೆ, ಇಬ್ಬರು ಬೇಕು. ಜನವರಿಯಲ್ಲಿ ಹಿಸುಕಿಹೋದ ಎರಡು ಹಲಗೆಗಳನ್ನು ಇದರ ಒಳಪದರದಲ್ಲಿ ಹಾಕಿದೆ. ದಿವಾನಿಗೆ ಮರದ ಒರಗು ಬಂತು, 1,500. ಅದನ್ನು ಪೂರ್ತಿ ಹಲಗೆಯಲ್ಲಿ ಮಾಡಿಸದೆ ಪಟ್ಟಿ ಪಟ್ಟಿಯಾಗಿ ಮಾಡಿಸಿದೆ, ಸದ್ದು ಸಂದಿನಲ್ಲಿ ಹಿಂದಕ್ಕೆ ಹೋಗಲಿ ಅಂತ. ಅದಕ್ಕೆ ಅಮ್ಮ ಎರಡು ದಿಂಬು ಕಟ್ಟಿದರು.

48 ಇನ್ನೂ 2 ಇಳಿಯಿತು, 57 ಒಂದು, 95 ಅರ್ಧ.

ಮಾರ್ಚ್ 2. ಹಾಸಿಗೆಯ ಹತ್ತಿ ಮತ್ತೆ ಬಂತು

48 ಆಗ 8 ಡೆಸಿಬಲ್ ಮೇಲಿತ್ತು. ಮೂಲೆಗಳ ಹಿಂದಿನ ತ್ರಿಕೋನ ಖಾಲಿ ಇದೆಯಲ್ಲ, ಅದನ್ನು ತುಂಬಿದರೆ? ಮೂರೂ ಸೇರಿ ಮುಕ್ಕಾಲು ಘನ ಮೀಟರಿಗೂ ಸ್ವಲ್ಪ ಹೆಚ್ಚು ಜಾಗ. ಮತ್ತೆ ರಾಕ್‌ವುಲ್ ತರಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಆಳವಾದ ಜಾಗಕ್ಕೆ ಸಡಿಲವಾದ ತುಂಬುವಿಕೆಯೇ ಒಳ್ಳೆಯದು ಅನ್ನುವುದು ಗೊತ್ತಿತ್ತು. ಹಾಗಾದರೆ ಹತ್ತಿ ಏಕಾಗಬಾರದು?

ಮನೆಯ ಎರಡು ಹಾಸಿಗೆ ಬಿಚ್ಚಿಸಿದೆ. 16 ಕೆಜಿ ಹತ್ತಿ, ಕಲ್ಲಿನಂತೆ ಗಂಟುಕಟ್ಟಿತ್ತು. ಹಿಂಜುವವರು ಕೆಜಿಗೆ 40ರಂತೆ ಹಿಂಜಿ ಕೊಟ್ಟರು, ಗುಡ್ಡೆ ಹಾಕಿದರೆ ಅರ್ಧ ಮಹಡಿ ತುಂಬುವಷ್ಟು ಅರಳಿತು. ಘನ ಮೀಟರಿಗೆ ಸುಮಾರು 20 ಕೆಜಿ ಲೆಕ್ಕ ಬಂತು. ಅಪ್ಪ ಕುರ್ಚಿ ಹಾಕಿಕೊಂಡು ಕೂತು, ಎಳೆ ಹಿಡಿದು ನೋಡಿ, "ಇದು ಉದ್ದ ಎಳೀದು, ಛಲೋ ಹತ್ತಿ, ಈಗ ಇಂಥದ್ದು ಸಿಗಾಕಿಲ್ಲ" ಅಂದರು. ಎಷ್ಟೋ ವರ್ಷದ ಮೇಲೆ ಮಿಲ್ಲಿನ ಮಾತು ಆಡಿದರು ಆ ಮಧ್ಯಾಹ್ನ.

ಹತ್ತಿಯ ಅಪಾಯ ಬೆಂಕಿ. ರಾಕ್‌ವುಲ್ ಕಲ್ಲು ಕರಗಿಸಿ ಮಾಡಿದ್ದು, ಉರಿಯುವುದಿಲ್ಲ, ಹತ್ತಿ ಹಾಗಲ್ಲ. ಬಿಳಿಗಾರವನ್ನು (ಬೋರಾಕ್ಸ್) ಬಿಸಿನೀರಿನಲ್ಲಿ ಕರಗಿಸಿ ಸಿಂಪಡಿಸಿ, ಎರಡು ದಿನ ಬಿಸಿಲಿನಲ್ಲಿ ಒಣಗಿಸಿದೆ. ಬೆಂಕಿ ಹಬ್ಬುವುದನ್ನೂ ಹುಳವನ್ನೂ ಅದು ಒಂದು ಮಟ್ಟಿಗೆ ತಡೆಯುತ್ತದೆ. ಒಂದು ಹಿಡಿ ಹತ್ತಿಯನ್ನು ಮಹಡಿಯಲ್ಲಿ ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ಕೊಟ್ಟೆ, ಕರಕಾಯಿತು, ಜ್ವಾಲೆ ಹತ್ತಲಿಲ್ಲ. ಬಿಳಿಗಾರ ಹಾಕದ ಹತ್ತಿ ಭಗ್ ಅಂದಿತು. ಆದರೂ ಮೂಲೆಯ ಹತ್ತಿರವಿದ್ದ ಪ್ಲಗ್ ಪಾಯಿಂಟ್ ಒಂದನ್ನು ಎಲೆಕ್ಟ್ರಿಷಿಯನ್ ಕರೆಸಿ ಬಂದ್ ಮಾಡಿಸಿದೆ. ನೀವು ಮಾಡುವುದಾದರೆ ಈ ಎರಡರಲ್ಲಿ ಯಾವುದನ್ನೂ ಬಿಡಬೇಡಿ.

ಉಳಿದ ಕೋರಾ ಬಟ್ಟೆಯಲ್ಲಿ ಅಮ್ಮ ಚೀಲ ಹೊಲಿದರು. ಸಡಿಲವಾಗಿ ತುಂಬಿ ಮೂಲೆಗೆ ಇಳಿಸಿದೆವು.

48 ಹರ್ಟ್ಸ್: 13ರಿಂದ ಈಗ 6.5.
57 ಹರ್ಟ್ಸ್: 6ರಿಂದ 3.
95 ಹರ್ಟ್ಸ್: 8ರಿಂದ ಅರ್ಧ ಡೆಸಿಬಲ್‌ಗೆ.

48 ಹರ್ಟ್ಸ್ 20 ಡೆಸಿಬಲ್ ಇಳಿಯುವ ಕಾಲ 310ರಿಂದ 200 ಮಿಲಿಸೆಕೆಂಡಿಗೆ ಬಂತು. ಗುಡ್ಡದ ಎತ್ತರಕ್ಕಿಂತ ನನಗೆ ಮುಖ್ಯ ಅನಿಸಿದ್ದು ಈ ಕಾಲ. ಈಕ್ವಲೈಸರ್ ಗುಂಡಿ ತಿರುಗಿಸಿ ಗುಡ್ಡ ತಗ್ಗಿಸಬಹುದು ಅನ್ನುವವರಿದ್ದಾರೆ. ಒಂದು ಕುರ್ಚಿಯ ಮಟ್ಟಿಗೆ ಅದು ಸರಿಯೇ. ನಮ್ಮಲ್ಲಿ ಅಪ್ಪ ದಿವಾನ್ ಮೇಲೆ, ಅಮ್ಮ ಬಾಗಿಲ ಪಕ್ಕ, ನಾನು ನೆಲದ ಮೇಲೆ. ಮೂವರಿಗೂ ಒಂದೇ ಗುಂಡಿ ಸಾಲದು.

ಖರ್ಚಿನ ಲೆಕ್ಕ

ರಾಕ್‌ವುಲ್ ಲಾರಿ ಸೇರಿ 9,429. ಮರ 3,900. ಬಟ್ಟೆ 1,800, ಪಾಲಿಥೀನ್ 300. ಸ್ಕ್ರೂ, ಎಲ್ ಪಟ್ಟಿ, ಸ್ಟೇಪಲ್ 900. ಆಚಾರ್ರ ಕೂಲಿ 3,300, ಒರಗು 1,500. ಹತ್ತಿ ಹಿಂಜಿಸಿದ್ದು 640, ಬಿಳಿಗಾರ 150. ಮೈಕಿನ ಕೊರಿಯರ್ 180. ಇಷ್ಟಕ್ಕೆ 22,099. ದಂಡವಾಗಿ ಹೋದದ್ದು ಫೋಮ್ 3,600, ಪ್ಲೈ 2,300. ಒಟ್ಟು 27,999. ಪ್ಲಗ್ ಪಾಯಿಂಟ್ ಕೆಲಸಕ್ಕೆ ಎಲೆಕ್ಟ್ರಿಷಿಯನ್ ದುಡ್ಡು ತೆಗೆದುಕೊಳ್ಳಲಿಲ್ಲ. ಅಂಟು, ಪುಟ್ಟಿ, ಬಣ್ಣದ ಲೆಕ್ಕ ಬರೆದಿಟ್ಟಿಲ್ಲ.

ಇದಕ್ಕಿಂತ ಕಡಿಮೆಯಲ್ಲಿ ಮಾಡಬೇಕೆಂದರೆ ನನ್ನ ಸಲಹೆ: ಹಿಂಗೋಡೆಯ ಕೆಲಸ ಬಿಡಬೇಡಿ, ಮೂಲೆಗಳಿಗೆ ಪೂರ್ತಿ ಹಿಂಜಿದ ಹತ್ತಿಯನ್ನೇ ಬಳಸಿ ನೋಡಿ, ಬಿಳಿಗಾರ ಮರೆಯದೆ. ಹೊರದೇಶದವರ ಲೆಕ್ಕಗಳನ್ನು ಹಾಗೇ ನಂಬಬೇಡಿ. ಅಲ್ಲಿ ಎಷ್ಟೋ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ, ತಗ್ಗಿನ ಸದ್ದಿನಲ್ಲಿ ಸ್ವಲ್ಪ ಗೋಡೆಯೇ ಅಲ್ಲಾಡಿ ತಿಂದುಬಿಡುತ್ತದೆ. ನಮ್ಮ ಇಟ್ಟಿಗೆ ಗೋಡೆ, ಆರ್‌ಸಿಸಿ ಏನನ್ನೂ ತಿನ್ನುವುದಿಲ್ಲ, ಎಲ್ಲವನ್ನೂ ವಾಪಸ್ ಕಳಿಸುತ್ತದೆ. ಅವರಿಗೆ ಎರಡು ಟ್ರ್ಯಾಪ್ ಸಾಕಾದಲ್ಲಿ ನಮಗೆ ಹೆಚ್ಚೇ ಬೇಕು.

ಏಪ್ರಿಲ್ 13

ಮೈಕು ವಾಪಸ್ ಕಳಿಸುವ ಮುಂಚೆ ಕೊನೆಯ ಅಳತೆ. ಹೊರಗೆ ಬೆಂಕಿಯಂಥ ಬಿಸಿಲು, ಮಧ್ಯಾಹ್ನ ಕೋಣೆಯೊಳಗೇ 34 ಡಿಗ್ರಿ. ಗುಡ್ಡಗಳೆಲ್ಲ ಒಂದೊಂದು ಹರ್ಟ್ಸ್ ಮೇಲಕ್ಕೆ ಸರಿದಿದ್ದವು, 57 ಇದ್ದದ್ದು 58. ಎಲ್ಲೋ ಸಡಿಲವಾಯಿತು ಅಂತ ಗಾಬರಿಯಾಗಿ ಎಲ್ಲ ಸ್ಕ್ರೂ ಮುಟ್ಟಿ ನೋಡಿದೆ. ಆಮೇಲೆ ತಿಳಿಯಿತು, ಗಾಳಿ ಕಾದರೆ ಸದ್ದಿನ ವೇಗ ಹೆಚ್ಚುತ್ತದೆ, ಡಿಸೆಂಬರಿನ ಚಳಿಗೂ ಈಗಿನ ಕಾವಿಗೂ ಅಷ್ಟು ವ್ಯತ್ಯಾಸ ಸಹಜ. ಬೇಸಿಗೆಯ ಅಳತೆಯನ್ನು ಚಳಿಗಾಲದ್ದಕ್ಕೆ ಹೋಲಿಸುವವರು ಗೋಡೆಗೆ ಒಂದು ಥರ್ಮಾಮೀಟರ್ ನೇತುಹಾಕಿ, ದಿನಾಂಕದ ಪಕ್ಕ ಡಿಗ್ರಿಯನ್ನೂ ಬರೆದಿಡಿ.

ಇನ್ನೂ ನೇರವಾಗಿ ಕೈ ಹಾಕದೆ ಉಳಿದಿರುವುದು 57, ಎತ್ತರದ ಅಲೆ. ಅದಕ್ಕೆ ಛಾವಣಿ ಮತ್ತು ಗೋಡೆ ಕೂಡುವ ಅಂಚಿನಲ್ಲಿ ಟ್ರ್ಯಾಪ್ ಕೂರಿಸಬೇಕು. ತಲೆಯ ಮೇಲೆ 8 ಕೆಜಿ ನೇತುಹಾಕುವ ಕೆಲಸ, ಕೊಕ್ಕೆ ಹೇಗಿರಬೇಕು ಅಂತ ಆಚಾರ್ರ ಜೊತೆ ಕೂತು ಮಾತಾಡದೆ ಕೈ ಹಾಕುವುದಿಲ್ಲ. ಮಳೆಗಾಲದಲ್ಲಿ ಹತ್ತಿ ಚೀಲ ಹೊರತೆಗೆದು ತೇವ, ಬೂಸಲು ನೋಡಬೇಕು. ಅದನ್ನು ಕ್ಯಾಲೆಂಡರಿನಲ್ಲಿ ಜುಲೈ, ಸೆಪ್ಟೆಂಬರ್ ಎರಡೂ ತಿಂಗಳಲ್ಲಿ ಗುರುತು ಹಾಕಿದ್ದೇನೆ.

ವಾಲ್ಯೂಮ್ ಗುಂಡಿಯ ಮೇಲಿನ ಟೇಪು ಇನ್ನೂ ಹಾಗೇ ಇತ್ತು, ಹಿಂದೆ ಅಪ್ಪ ಇಟ್ಟುಕೊಳ್ಳುತ್ತಿದ್ದ ಮಟ್ಟಕ್ಕೆ ಅದರ ಮೇಲೆ ಪೆನ್ನಿನಿಂದ ಒಂದು ಗೀಟು ಎಳೆದಿದ್ದೆ. ಮೊನ್ನೆ ಸಂಜೆ ನೋಡಿದೆ, ಗುಂಡಿ ಆ ಗೀಟಿಗಿಂತ ಎರಡು ಗೆರೆ ಕೆಳಗಿತ್ತು. ತಬಲ ನಡೆಯುತ್ತಿತ್ತು, ಅಪ್ಪ ಒರಗಿ ಕೂತಿದ್ದರು. ಎಡಗೈಯ ಮಣಿಕಟ್ಟು ತೊಡೆಯ ಮೇಲೆ ಒತ್ತಿ ಮೆಲ್ಲಗೆ ಮುಂದಕ್ಕೆ ಜಾರುತ್ತಿತ್ತು, ಡಗ್ಗದ ಮೀಂಡು, ಅಂದರೆ ಜಾರುವ ಸ್ವರ, ಏರುವಾಗ ಕೈ ಜಾರುವ ಹಾಗೆ.